ಹಳದಿ ಕತ್ತಿನ ಗುಬ್ಬಿ ಹಿಡಿದು ಬಂದ ಹುಡುಗ

ದಹಿಸರ್‌ನಲ್ಲಿ ಮನೆ ಮಾಡಿಕೊಂಡಿರುವ ನಮಗೆ ಕಾಡು ದೂರವಿಲ್ಲ. ಹೈವೇ ದಾಟಿ ಪೂರ್ವಕ್ಕೆ ನೋಡಿದರೆ ಗುಡ್ಡ ಕಾಣುತ್ತದೆ. ನಮ್ಮ ಸೇತುವೆಗಳ ಕೆಳಗೆ ಹರಿಯುವ ದಹಿಸರ್ ನದಿ, ಇಲ್ಲಿಗೆ ಬರುವಷ್ಟರಲ್ಲಿ ನಾಲೆಯಂತಾಗಿದ್ದರೂ, ಹುಟ್ಟುವುದು ಆ ಕಾಡಿನೊಳಗೆ, ತುಳಸಿ ಕೆರೆಯ ಬಳಿ. ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ವಿಸ್ತಾರ ನೂರು ಚದರ ಕಿಲೋಮೀಟರಿಗೂ ಮಿಕ್ಕಿದೆ. ಇಷ್ಟು ದೊಡ್ಡ ಕಾಡನ್ನು ಹೊಟ್ಟೆಯಲ್ಲಿಟ್ಟುಕೊಂಡ ಮಹಾನಗರಗಳು ಲೋಕದಲ್ಲಿ ಬಹಳ ಇಲ್ಲ. ಆದರೂ ನಮ್ಮಲ್ಲಿ ಎಷ್ಟೋ ಮನೆಗಳ ಮಕ್ಕಳು ಅದನ್ನು ಶಾಲೆಯ ಪಿಕ್ನಿಕ್ಕಿನಲ್ಲಿ ಒಮ್ಮೆ ನೋಡಿದ್ದು ಬಿಟ್ಟರೆ ಮತ್ತೆ ನೋಡಿಲ್ಲ. ಡೈನೋಸಾರಿನ ಹತ್ತು ಹೆಸರು ಬಾಯಿಪಾಠವಿರುವ ಮಗುವಿಗೆ ಕಿಟಕಿಯ ಏಸಿ ಪೆಟ್ಟಿಗೆಯ ಮೇಲೆ ಬಂದು ಕೂರುವ ಹಕ್ಕಿ ಯಾವುದೆಂದು ಗೊತ್ತಿರುವುದಿಲ್ಲ. ಕೇಳಿದರೆ ಹೇಳಲು ನಮಗೂ ಗೊತ್ತಿರುವುದಿಲ್ಲ, ಅದು ಬೇರೆ ಮಾತು.

ಮಹಿಳಾ ವಿಭಾಗದ ಈ ಸಂಚಿಕೆಗೆ ಒಬ್ಬ ಹಿರಿಯರ ಜೀವನ ಬರೆಯಬೇಕೆಂದಾಗ ನನಗೆ ನೆನಪಾದದ್ದು ಪಕ್ಷಿತಜ್ಞ ಡಾ. ಸಲೀಂ ಅಲಿ. ಅವರು ಕನ್ನಡದವರಲ್ಲ, ಮುಂಬಯಿಯವರು. ಆದರೆ ಕನ್ನಡ ನಾಡಿಗೆ ಅವರಿಂದ ಆದ ಒಂದು ಉಪಕಾರವನ್ನು ನಾವೆಲ್ಲ ದೋಣಿಯಲ್ಲಿ ಕುಳಿತು ಅನುಭವಿಸಿದ್ದೇವೆ. ಆ ಸಂಗತಿ ಮುಂದೆ ಬರುತ್ತದೆ. ಇನ್ನೊಂದು ಕಾರಣವೂ ಇದೆ. ಅವರನ್ನು ಬೈನಾಕ್ಯುಲರ್ ಹಿಡಿದ ಒಂಟಿ ಮುದುಕನಂತೆ ನಾವು ಚಿತ್ರಗಳಲ್ಲಿ ನೋಡಿದ್ದೇವೆ. ಅವರ ಬದುಕನ್ನು ಓದುತ್ತಾ ಹೋದರೆ ಆ ಮುದುಕನ ಹಿಂದೆ ಒಂದು ತುಂಬಿದ ಮನೆಯೂ ಮೂವರು ಹೆಂಗಸರೂ ಕಾಣುತ್ತಾರೆ.

ಸಲೀಂ ಹುಟ್ಟಿದ್ದು 1896ರ ನವೆಂಬರ್ 12ರಂದು, ಮುಂಬಯಿಯ ಸುಲೈಮಾನಿ ಬೋಹ್ರಾ ಮನೆತನದಲ್ಲಿ. ಮನೆ ತುಂಬಾ ಮಕ್ಕಳು, ಅವರಲ್ಲಿ ಇವನೇ ಎಲ್ಲರಿಗಿಂತ ಚಿಕ್ಕವನು. ಒಂದು ವರ್ಷ ತುಂಬುವಾಗ ತಂದೆ ತೀರಿಕೊಂಡರು, ಮೂರು ವರ್ಷವಾಗುವಾಗ ತಾಯಿಯೂ ಹೋದರು. ಅನಾಥರಾದ ಮಕ್ಕಳನ್ನು ಖೇತ್‌ವಾಡಿಯ ತಮ್ಮ ಮನೆಗೆ ಕರೆತಂದು ಸಾಕಿದವರು ಸೋದರಮಾವ ಅಮೀರುದ್ದೀನ್ ತ್ಯಾಬ್ಜಿ ಮತ್ತು ಅತ್ತೆ ಹಮೀದಾ ಬೇಗಂ. ಅವರಿಗೆ ಸ್ವಂತ ಮಕ್ಕಳಿರಲಿಲ್ಲ. ಕಾಂಗ್ರೆಸ್ಸಿನ ಅಧ್ಯಕ್ಷರಾಗಿದ್ದ ಬದ್ರುದ್ದೀನ್ ತ್ಯಾಬ್ಜಿಯವರದೂ ಇದೇ ಮನೆತನ. ಗಿರ್ಗಾಂವ್, ಖೇತ್‌ವಾಡಿ ಕಡೆಯ ಹಳೆಯ ಮನೆಗಳನ್ನು ಕಂಡವರಿಗೆ ಆ ಗಲಾಟೆ ಊಹಿಸಬಹುದು: ಅಣ್ಣಂದಿರು, ಅಕ್ಕಂದಿರು, ಬಂದುಹೋಗುವ ನೆಂಟರು, ಎಲ್ಲರಿಗೂ ಒಂದೇ ಅಡುಗೆಮನೆ. ಅಡುಗೆಗೆಂದು ಮಾರುಕಟ್ಟೆಯಿಂದ ಜೀವಂತ ಕೌಜುಗ ಹಕ್ಕಿಗಳು ಬರುತ್ತಿದ್ದವು. ಅವುಗಳಲ್ಲಿ ಒಂದೆರಡನ್ನು ಕತ್ತಿಯಿಂದ ಉಳಿಸಿಕೊಂಡು ಗೂಡಿನಲ್ಲಿಟ್ಟು ಸಾಕುವುದು ಚಿಕ್ಕ ಸಲೀಂನ ಕೆಲಸ. ಹಕ್ಕಿಗಳ ಸಹವಾಸ ಶುರುವಾದದ್ದು ಹೀಗೆ, ಅಡುಗೆಮನೆಯ ಬಾಗಿಲಲ್ಲಿ.

ರಜೆ ಬಂದರೆ ಇಡೀ ಸಂಸಾರ ಗಂಟುಮೂಟೆ ಕಟ್ಟಿಕೊಂಡು ಹೊರಡುತ್ತಿತ್ತು. ಹೋಗುತ್ತಿದ್ದದ್ದು ಎಲ್ಲಿಗೆಂದರೆ ಚೆಂಬೂರಿಗೆ. ಇಂದಿನ ಚೆಂಬೂರನ್ನು ಬಲ್ಲವರಿಗೆ ನಗು ಬರಬಹುದು. ನಮ್ಮವರಿಗೆ ಚೆಂಬೂರು ಎಂದರೆ ಕನ್ನಡ ಶಾಲೆ, ಹೋಟೆಲುಗಳು, ಟ್ರಾಫಿಕ್ಕು, ಆಚೆ ಕಡೆ ರಿಫೈನರಿಯ ಕೊಳವೆಗಳು. ನೂರಿಪ್ಪತ್ತು ವರ್ಷಗಳ ಹಿಂದೆ ಅದು ಪಟ್ಟಣದ ಹೊರಗಿನ ಹಳ್ಳಿ, ಸುತ್ತ ಗುಡ್ಡ, ಕುರುಚಲು ಕಾಡು, ತೋಟ. ಮಕ್ಕಳನ್ನು ಬೆಳಿಗ್ಗೆ ಹೊರಗೆ ಬಿಟ್ಟರೆ ಹಸಿವಾದಾಗಲೇ ವಾಪಸು. ಯಾರೂ ಅವರಿಗೆ ಪ್ರಕೃತಿಯ ಪಾಠ ಹೇಳಲಿಲ್ಲ. ಬೆಳಗಿನ ಜಾವ ಹಾಸಿಗೆಯಲ್ಲೇ ಮಲಗಿ ಹಕ್ಕಿಗಳ ಕೂಗು ಕೇಳುತ್ತಿದ್ದುದು ಆ ಹುಡುಗನ ಕಿವಿಯಲ್ಲಿ ಕಡೆತನಕ ಉಳಿಯಿತು.

ಆ ಕಾಲದ ಹುಡುಗರ ಆಟವೆಂದರೆ ಬೇಟೆ. ಮಾವ ಒಳ್ಳೆಯ ಬೇಟೆಗಾರರು, ಸೋದರಳಿಯನಿಗೆ ಆಟದ ಏರ್‌ಗನ್ ಕೊಡಿಸಿದ್ದರು. ಹುಡುಗ ಗುಬ್ಬಿಗಳನ್ನು ಹೊಡೆಯುತ್ತಿದ್ದ. ಇದನ್ನು ಮುಚ್ಚಿಡುವುದು ಸರಿಯಲ್ಲ, ಅವರೂ ಮುಚ್ಚಿಟ್ಟವರಲ್ಲ. ಲಾಯದ ಗೋಡೆಯ ಬಿರುಕಿನಲ್ಲಿ ಹೆಣ್ಣು ಗುಬ್ಬಿಯೊಂದು ಮೊಟ್ಟೆಯಿಟ್ಟು ಕಾವು ಕೂತಿತ್ತು, ಹೊರಗೆ ಮೊಳೆಯ ಮೇಲೆ ಗಂಡು ಕಾವಲು. ಹುಡುಗ ಮರೆಯಲ್ಲಿ ನಿಂತು ಗಂಡನ್ನು ಹೊಡೆದ. ಸ್ವಲ್ಪ ಹೊತ್ತಿನಲ್ಲೇ ಹೆಣ್ಣು ಬೇರೊಂದು ಗಂಡನ್ನು ಜೊತೆ ಮಾಡಿಕೊಂಡು ಬಂತು, ಅದೂ ಅದೇ ಮೊಳೆಯ ಮೇಲೆ ಕಾವಲಿಗೆ ಕೂತಿತು. ಅದನ್ನೂ ಹೊಡೆದ. ಹೀಗೆ ಒಂದು ವಾರದೊಳಗೆ ಎಂಟು. ಓದುವಾಗ ನನಗೆ ಹೊಟ್ಟೆ ತೊಳಸಿದ ಹಾಗಾಯಿತು. ಆದರೆ ಸುಮಾರು ಹತ್ತು ವರ್ಷದ ಆ ಪೋರ ಇದನ್ನೆಲ್ಲ ಕೂತು ಬರೆದಿಟ್ಟ. ಗಂಡು ಹೋದರೆ ಹೊಸ ಗಂಡು ಎಲ್ಲಿಂದ ಬರುತ್ತದೆ, ಇಷ್ಟು ಬೇಗ ಹೇಗೆ ಬರುತ್ತದೆ ಎಂಬ ಬೆರಗು ಆ ಟಿಪ್ಪಣಿಯಲ್ಲಿತ್ತು. ಸುಮಾರು ಅರುವತ್ತು ವರ್ಷಗಳ ನಂತರ ಅದು ಪಕ್ಷಿವೀಕ್ಷಕರ ಪತ್ರಿಕೆಯೊಂದರಲ್ಲಿ ಅಚ್ಚಾಯಿತು.

ಒಂದು ದಿನ ಹೊಡೆದ ಗುಬ್ಬಿ ಎಂದಿನ ಗುಬ್ಬಿಯಂತಿರಲಿಲ್ಲ. ಕತ್ತಿನ ಕೆಳಗೆ ಹಳದಿ ಮಚ್ಚೆ. ಸಾರಿನಲ್ಲಿ ಅರಿಶಿನ ಚೆಲ್ಲಿದ ಹಾಗೆ ಎಂದು ನಾವು ಹೇಳಬಹುದು. ಇಂಥ ಹಕ್ಕಿಯನ್ನು ತಿನ್ನಲು ತಮ್ಮ ಧರ್ಮದಲ್ಲಿ ಅನುಮತಿಯಿದೆಯೋ ಇಲ್ಲವೋ ಎಂಬ ಅನುಮಾನ ಬಂದು ಹುಡುಗ ಅದನ್ನು ಮಾವನ ಮುಂದೆ ತಂದಿಟ್ಟ. ನಮ್ಮ ಕಥೆ ತಿರುಗುವುದು ಇಲ್ಲಿ. ಕೆಲಸದ ಮಧ್ಯೆ ಇದ್ದ ದೊಡ್ಡವರು ಇಂಥ ಹೊತ್ತಿನಲ್ಲಿ ಏನು ಹೇಳುತ್ತೇವೆಂದು ನಮಗೆಲ್ಲ ಗೊತ್ತು. ಅತ್ತ ಬಿಸಾಡು, ಕೈ ತೊಳೆದುಕೊಂಡು ಓದಲು ಕೂತುಕೋ ಎನ್ನುತ್ತೇವೆ. ಅಮೀರುದ್ದೀನ್ ಹಾಗನ್ನಲಿಲ್ಲ. ಅವರಿಗೂ ಆ ಹಕ್ಕಿ ಯಾವುದೆಂದು ತಿಳಿಯಲಿಲ್ಲ, ಆದರೆ ತಿಳಿದವರು ಎಲ್ಲಿದ್ದಾರೆಂದು ತಿಳಿದಿತ್ತು. 1883ರಲ್ಲಿ ಸ್ಥಾಪನೆಯಾದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಮೊದಮೊದಲು ಸೇರಿದ ಕೆಲವೇ ಭಾರತೀಯರಲ್ಲಿ ಅವರೂ ಒಬ್ಬರು. ಅಲ್ಲಿನ ಕಾರ್ಯದರ್ಶಿ ಡಬ್ಲ್ಯು. ಎಸ್. ಮಿಲರ್ಡ್ ಅವರಿಗೆ ಒಂದು ಪರಿಚಯ ಪತ್ರ ಬರೆದು, ಹುಡುಗನ ಕೈಗೇ ಕೊಟ್ಟು ಕಳುಹಿಸಿದರು.

ಫೋರ್ಟ್‌ನ ಅಪೋಲೋ ಸ್ಟ್ರೀಟಿನ ಆ ಕಚೇರಿಗೆ ಸತ್ತ ಗುಬ್ಬಿಯನ್ನು ಕಾಗದದಲ್ಲಿ ಸುತ್ತಿಕೊಂಡು ಹೋದ ಹುಡುಗನ ಎದೆ ಎಷ್ಟು ಹೊಡೆದುಕೊಂಡಿರಬೇಕು! ಬಿಳಿಯ ದೊರೆಗಳ ಕಾಲ. ಸಾಹೇಬರ ಕಚೇರಿಯೆಂದರೆ ದೊಡ್ಡವರೇ ಹಿಂಜರಿಯುತ್ತಿದ್ದರು. ಮಿಲರ್ಡ್ ಹುಡುಗನನ್ನು ಕೂರಿಸಿ ಗುಬ್ಬಿಯನ್ನು ನೋಡಿದರು, ಅದು ಹಳದಿ ಕತ್ತಿನ ಗುಬ್ಬಿಯೆಂಬ ಬೇರೆಯೇ ಜಾತಿಯೆಂದು ಹೇಳಿದರು. ಅಷ್ಟಕ್ಕೇ ಬಿಡದೆ ಬೀರುಗಳನ್ನು ಒಂದೊಂದಾಗಿ ತೆರೆದು, ಹತ್ತಿ ತುಂಬಿ ಸಾಲಾಗಿ ಇರಿಸಿದ್ದ ಭಾರತದ ನೂರಾರು ಹಕ್ಕಿಗಳನ್ನು ತೋರಿಸಿದರು. ಓದಲು ಪುಸ್ತಕ ಕೊಟ್ಟರು, ಹಕ್ಕಿಗಳ ಚರ್ಮ ಸುಲಿದು ಸಂರಕ್ಷಿಸುವುದನ್ನು ಕಲಿಯಲು ಏರ್ಪಾಡು ಮಾಡಿದರು, ನೋಡಿದ್ದನ್ನು ಬರೆದಿಡುವ ಅಭ್ಯಾಸಕ್ಕೆ ಹಚ್ಚಿದರು. ಸಲೀಂ ಅಲಿ ಮುಂದೆ ತಮ್ಮ ಬದುಕಿನ ಆರಂಭವನ್ನು ಆ ದಿನದಿಂದಲೇ ಎಣಿಸಿದರು. 1985ರಲ್ಲಿ ಬಂದ ಅವರ ಆತ್ಮಕಥೆಯ ಹೆಸರೂ ಗುಬ್ಬಿಯೊಂದರ ಪತನವನ್ನೇ ಕುರಿತದ್ದು.

ಇಷ್ಟಾಗಿ ಹುಡುಗ ಶಾಲೆಯಲ್ಲಿ ಜಾಣನೇನೂ ಅಲ್ಲ. ಪದೇ ಪದೇ ತಲೆನೋವು. ಒಣ ಹವೆ ಒಳ್ಳೆಯದೆಂದು ಸಿಂಧ್ ಪ್ರಾಂತ್ಯದ ನೆಂಟರ ಮನೆಯಲ್ಲಿ ಕೆಲಕಾಲ ಇರಿಸಿದ್ದರು. 1913ರಲ್ಲಿ ಮೆಟ್ರಿಕ್ ಪಾಸಾದದ್ದು ಅಂಚಿನಲ್ಲಿ. ಸೇಂಟ್ ಝೇವಿಯರ್ಸ್ ಕಾಲೇಜು ಸೇರಿ ಮೊದಲ ವರ್ಷದಲ್ಲೇ ಸಾಕೆನಿಸಿ ಬಿಟ್ಟ. ಅಣ್ಣನ ಜೊತೆ ಬರ್ಮಾದ ತವೋಯ್‌ಗೆ ಹೋಗಿ ಮನೆಯವರ ಗಣಿ, ಮರದ ವ್ಯಾಪಾರ ನೋಡಿಕೊಂಡ. ವ್ಯಾಪಾರ ಕೈಹತ್ತಲಿಲ್ಲ. ಸುತ್ತಲಿನ ಕಾಡು ಮಾತ್ರ ಚೆನ್ನಾಗಿ ಕೈಹತ್ತಿತು. 1917ರಲ್ಲಿ ಮುಂಬಯಿಗೆ ಬಂದು ದಾವರ್ಸ್ ಕಾಲೇಜಿನಲ್ಲಿ ವಾಣಿಜ್ಯ ಓದತೊಡಗಿದಾಗ ಫಾದರ್ ಬ್ಲಾಟರ್ ಎಂಬ ಪಾದ್ರಿ, ಸ್ವತಃ ಸಸ್ಯಶಾಸ್ತ್ರಜ್ಞರು, ಈ ಯುವಕನ ಒಲವು ಗುರುತಿಸಿ ಝೇವಿಯರ್ಸ್‌ನಲ್ಲಿ ಪ್ರಾಣಿಶಾಸ್ತ್ರದ ಪಾಠಕ್ಕೂ ಕೂರಿಸಿದರು. ಡಿಗ್ರಿ ಮಾತ್ರ ಆಗಲಿಲ್ಲ. ಅದರಿಂದಾಗಿ ಸರಕಾರದ ಪ್ರಾಣಿ ಸರ್ವೇಕ್ಷಣಾ ಇಲಾಖೆಯ ಪಕ್ಷಿತಜ್ಞನ ಹುದ್ದೆಯೂ ಸಿಗಲಿಲ್ಲ. ಮಾರ್ಕ್ಸ್ ಕಡಿಮೆಯಾಯಿತೆಂದು ಮಕ್ಕಳ ಎದುರು ಮುಖ ಊದಿಸಿಕೊಳ್ಳುವ ನಾವು ಈ ಪ್ಯಾರಾ ಇನ್ನೊಮ್ಮೆ ಓದಬಹುದು.

1918ರ ಡಿಸೆಂಬರಿನಲ್ಲಿ ಮದುವೆಯಾಯಿತು. ಮಡದಿ ತೆಹಮೀನಾ, ದೂರದ ಸಂಬಂಧಿ. 1926ರಲ್ಲಿ ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಮ್ಮಿನ ಪ್ರಾಣಿ ವಿಭಾಗದಲ್ಲಿ ಗೈಡ್ ಲೆಕ್ಚರರ್ ಕೆಲಸ ಸಿಕ್ಕಿತು, ತಿಂಗಳಿಗೆ 350 ರೂಪಾಯಿ. ನೋಡಲು ಬಂದವರಿಗೆ ಗಾಜಿನ ಪೆಟ್ಟಿಗೆಯೊಳಗಿನ ಪ್ರಾಣಿಪಕ್ಷಿಗಳನ್ನು ವಿವರಿಸುವ ಕೆಲಸ. ಎರಡು ವರ್ಷಕ್ಕೇ ಬೇಸರ ಬಂತು. ರಜೆ ಹಾಕಿ ಬರ್ಲಿನ್‌ಗೆ ಹೋಗಿ ಪ್ರೊಫೆಸರ್ ಸ್ಟ್ರೆಸೆಮನ್ ಅವರ ಬಳಿ ಪಕ್ಷಿಶಾಸ್ತ್ರ ಕಲಿತರು. 1930ರಲ್ಲಿ ತಿರುಗಿ ಬಂದಾಗ ಮ್ಯೂಸಿಯಮ್ಮಿನಲ್ಲಿ ಹಣವಿಲ್ಲವೆಂದು ಆ ಹುದ್ದೆಯನ್ನೇ ತೆಗೆದುಹಾಕಿದ್ದರು. ವಯಸ್ಸು ಮೂವತ್ತಮೂರು, ಕೆಲಸವಿಲ್ಲ.

ದಂಪತಿ ಅಲಿಬಾಗ್ ಬಳಿಯ ಕಿಹಿಮ್ ಎಂಬ ಕಡಲತೀರದ ಹಳ್ಳಿಗೆ ಹೋಗಿ ನೆಲೆಸಿದರು. ಮನೆಯ ಹತ್ತಿರದ ಮರದಲ್ಲಿ ಗೀಜಗಗಳ ಗೂಡುಗಳು. ಮಳೆಗಾಲವೆಲ್ಲ ಸಲೀಂ ಅವುಗಳ ಎದುರು ಕೂತರು. ಗಂಡು ಗೀಜಗ ನಾರು ತಂದು ಗೂಡನ್ನು ಅರ್ಧದಷ್ಟು ನೇಯುತ್ತದೆ. ಆಗ ಹೆಣ್ಣುಗಳ ತಂಡ ಬಂದು ಒಂದೊಂದೇ ಗೂಡನ್ನು ಹೊಕ್ಕು, ಎಳೆದು, ಜಗ್ಗಿ ಪರೀಕ್ಷೆ ಮಾಡುತ್ತದೆ. ಒಪ್ಪಿಗೆಯಾದರೆ ಉಂಟು, ಇಲ್ಲವಾದರೆ ಗಂಡಿನ ಶ್ರಮವೆಲ್ಲ ದಂಡ. ಮೆಚ್ಚಿ ಒಳಬಂದ ಹೆಣ್ಣು ಮೊಟ್ಟೆಯಿಟ್ಟ ಮೇಲೆ ಆ ಗಂಡು ಮಹಾಶಯ ಪಕ್ಕದಲ್ಲೇ ಇನ್ನೊಂದು ಗೂಡು ನೇಯಲು ತೊಡಗಿ ಇನ್ನೊಬ್ಬಳಿಗೆ ಕಾಯುತ್ತಾನೆ. ಗೂಡು ಆರಿಸುವವಳು ಹೆಣ್ಣು, ಗಂಡಿಗೆ ಒಂದಾದ ಮೇಲೊಂದು ಸಂಸಾರ ಎಂಬುದನ್ನು ಸಲೀಂ ಅಲಿ ಸರಿಯಾಗಿ ಕಂಡು ಬರೆದರು. ಅವರಿಗೆ ಹೆಸರು ತಂದದ್ದು ಈ ಲೇಖನ. ಕೆಲಸ ಹೋಗದಿದ್ದರೆ ಅದು ಹುಟ್ಟುತ್ತಲೇ ಇರಲಿಲ್ಲವೇನೋ. ಊರಿನ ತೆಂಗಿನ ಗರಿಯಲ್ಲಿ ತೂಗುತ್ತಿದ್ದ ಗೀಜಗನ ಗೂಡನ್ನು ತಂದು ಚಾವಡಿಯಲ್ಲಿ ನೇತುಹಾಕಿದವರು ನಮ್ಮಲ್ಲಿ ಬಹಳ ಮಂದಿ ಇದ್ದೇವೆ. ಅದರೊಳಗಿನ ಈ ಕಥೆ ನಮಗೆ ಯಾರೂ ಹೇಳಿರಲಿಲ್ಲ.

ಆಮೇಲೆ ಅವರು ಹಿಡಿದ ದಾರಿ ಯಾರೂ ಹಿಡಿಯದಂಥದು. ಸಂಸ್ಥಾನಗಳ ರಾಜರಿಗೆ ಬರೆದರು: ನಿಮ್ಮ ರಾಜ್ಯದ ಹಕ್ಕಿಗಳ ಸಮೀಕ್ಷೆ ಮಾಡಿಕೊಡುತ್ತೇನೆ, ನನಗೆ ಸಂಬಳ ಬೇಡ, ತಿರುಗಾಟದ ಖರ್ಚು ಕೊಟ್ಟರೆ ಸಾಕು. ಹೈದರಾಬಾದ್, ತಿರುವಾಂಕೂರು, ಕೊಚ್ಚಿ ಹೀಗೆ ಒಂದೊಂದೇ ಒಪ್ಪಿದವು. ಕಾಡಿನ ಡೇರೆಯಲ್ಲಿ ತಿಂಗಳುಗಟ್ಟಲೆ ವಾಸ. ತೆಹಮೀನಾ ಮನೆಯಲ್ಲಿ ಕೂತು ದಾರಿ ಕಾಯಲಿಲ್ಲ, ಜೊತೆಗೇ ಹೊರಟರು. ಸಂಬಳವಿಲ್ಲದ ಗಂಡ, ಊರೂರು ತಿರುಗುವ ಬಿಡಾರ, ಸೌದೆ ಒಲೆ, ಸೊಳ್ಳೆ, ಜಿಗಣೆ. ಪಟ್ಟಣದ ಸುಖದಲ್ಲಿ ಬೆಳೆದ ಆಕೆ ಡೇರೆಯ ಯಜಮಾನಿಕೆ ವಹಿಸಿಕೊಂಡರು, ಗಂಡನ ಬರವಣಿಗೆಗೂ ಕೈಗೂಡಿಸಿದರು. ಸಲೀಂ ಅಲಿಯವರ ಇಂಗ್ಲಿಷ್ ಗದ್ಯ ತಿಳಿ ಮತ್ತು ಹಾಸ್ಯಭರಿತ ಎಂದು ತಿಳಿದವರು ಹೊಗಳುತ್ತಾರೆ. ಆ ಹೊಗಳಿಕೆಯಲ್ಲಿ ತೆಹಮೀನಾ ಅವರ ಪಾಲೂ ಇದೆ. ಹಕ್ಕಿಗಳ ಪುಸ್ತಕಗಳ ಮುಖಪುಟದಲ್ಲಿ ಮಾತ್ರ ಅವರ ಹೆಸರಿಲ್ಲ.

1939ರಲ್ಲಿ ಒಂದು ಚಿಕ್ಕ ಶಸ್ತ್ರಚಿಕಿತ್ಸೆಯ ನಂತರ ತೆಹಮೀನಾ ತೀರಿಕೊಂಡರು. ಮಕ್ಕಳಿರಲಿಲ್ಲ. ಇಪ್ಪತ್ತು ವರ್ಷದ ಸಂಗಾತಿಯನ್ನು ಕಳೆದುಕೊಂಡ ಸಲೀಂ ಕುಸಿದುಹೋದರು. ಆಗ ತಮ್ಮ ಮನೆಗೆ ಕರೆದುಕೊಂಡು ಹೋದವರು ಅಕ್ಕ ಕಾಮೂ ಮತ್ತು ಭಾವ ಹಸನ್ ಅಲಿ. ಬಾಂದ್ರಾದ ಪಾಲಿ ಹಿಲ್‌ನ ಮನೆಯೇ ಮುಂದೆ ಅವರ ನೆಲೆಯಾಯಿತು. ತಿಂಗಳುಗಟ್ಟಲೆ ಕಾಡು ಸುತ್ತಿ ಬರುವ ತಮ್ಮನಿಗೆ ಬಿಸಿ ಊಟವೂ ಬರೆಯಲು ಶಾಂತವಾದ ಮೂಲೆಯೂ ಇದ್ದದ್ದು ಆ ಅಕ್ಕನಿಂದ. ಹಮೀದಾ ಬೇಗಂ, ತೆಹಮೀನಾ, ಕಾಮೂ: ನಾನು ಮೊದಲು ಹೇಳಿದ ಮೂವರು ಹೆಂಗಸರು ಇವರೇ.

ಆ ದುಃಖದ ಬೆನ್ನಿಗೇ, 1939-40ರಲ್ಲಿ, ಅವರು ಕೈಗೊಂಡದ್ದು ನಮ್ಮ ಮೈಸೂರು ಸಂಸ್ಥಾನದ ಪಕ್ಷಿ ಸಮೀಕ್ಷೆ. ಈ ಸಲ ಡೇರೆಯಲ್ಲಿ ತೆಹಮೀನಾ ಇರಲಿಲ್ಲ. ಶ್ರೀರಂಗಪಟ್ಟಣದ ಬಳಿ ಕಾವೇರಿಯ ನಡುವೆ ಪುಟ್ಟ ಪುಟ್ಟ ನಡುಗಡ್ಡೆಗಳಿವೆ. ಹದಿನೇಳನೆಯ ಶತಮಾನದಲ್ಲಿ ನದಿಗೆ ಅಣೆಕಟ್ಟೆ ಕಟ್ಟಿದಾಗ ಉಂಟಾದವು ಎನ್ನುತ್ತಾರೆ. ಅಲ್ಲಿನ ಮರಗಳಲ್ಲಿ ಕೊಕ್ಕರೆ, ಬೆಳ್ಳಕ್ಕಿ, ಚಮಚದ ಕೊಕ್ಕಿನ ಹಕ್ಕಿಗಳು ಸಂಸಾರ ಹೂಡಿದ್ದನ್ನು ಸಲೀಂ ಅಲಿ ಕಂಡರು. ಇದು ಮರಿ ಮಾಡುವ ಜಾಗ, ಕಾಪಾಡಬೇಕು ಎಂದು ಮೈಸೂರು ಅರಸರ ಮನವೊಲಿಸಿದರು. 1940ರಲ್ಲಿ ರಂಗನತಿಟ್ಟು ರಕ್ಷಿತ ಪಕ್ಷಿಧಾಮವಾಯಿತು.

ಊರಿಗೆ ಹೋದಾಗ ಮೈಸೂರು ಪ್ರವಾಸ ಮಾಡಿದ ಯಾವ ಮುಂಬಯಿ ಕನ್ನಡಿಗರ ಆಲ್ಬಮ್ಮಿನಲ್ಲಿ ರಂಗನತಿಟ್ಟಿನ ಫೋಟೋ ಇಲ್ಲ? ಅಜ್ಜಿಗೆ ದೋಣಿ ಹತ್ತಲು ಭಯ, ಮಕ್ಕಳು ನೀರಿಗೆ ಕೈ ಹಾಕಿ ಬೈಸಿಕೊಳ್ಳುವುದು, ಬಂಡೆಯೆಂದುಕೊಂಡದ್ದು ಮೊಸಳೆಯಾಗಿ ಎದ್ದು ಹೋಗುವುದು, ಅಂಬಿಗ ಹುಟ್ಟು ನಿಲ್ಲಿಸಿ ಹೆಜ್ಜಾರ್ಲೆಯ ಗೂಡು ತೋರಿಸುವುದು. ಅರ್ಧ ಗಂಟೆ ಇಡೀ ಸಂಸಾರ ಒಂದೇ ಕಡೆ ನೋಡುತ್ತಾ ಕೂತಿರುತ್ತದೆ. ಮಡದಿಯನ್ನು ಕಳೆದುಕೊಂಡ ವರ್ಷದಲ್ಲಿ ಒಬ್ಬ ಮನುಷ್ಯ ಆ ದಂಡೆಯಲ್ಲಿ ನಿಂತು ನೋಡಿದ್ದರಿಂದ ನಮಗೆ ಅದು ಉಳಿದಿದೆ.

1941ರಲ್ಲಿ ಅವರ ಭಾರತದ ಹಕ್ಕಿಗಳ ಪುಸ್ತಕ ಬಂತು. ಬಣ್ಣದ ಚಿತ್ರ ಎಡಕ್ಕೆ ಬಲಕ್ಕೆ ಹೋಲಿಸಿ ಯಾರು ಬೇಕಾದರೂ ಅಂಗಳದ ಹಕ್ಕಿಯನ್ನು ಗುರುತಿಸಬಹುದು. ಅದುವರೆಗೆ ಹಕ್ಕಿಗಳ ಪುಸ್ತಕವೆಂದರೆ ದಪ್ಪ ಸಂಪುಟ, ಸಾಹೇಬರ ಸ್ವತ್ತು. ನೆಹರೂ ತಮ್ಮ ಮಗಳಿಗೆ ಕೊಟ್ಟ ಪುಸ್ತಕಗಳಲ್ಲಿ ಇದೂ ಒಂದು. ಡಿಲನ್ ರಿಪ್ಲೆ ಜೊತೆಗೂಡಿ ಬರೆದ ಹತ್ತು ಸಂಪುಟಗಳ ಮಹಾಗ್ರಂಥ 1968ರಿಂದ 1974ರೊಳಗೆ ಹೊರಬಂತು. ವಿದ್ವಾಂಸರು ಮೆಚ್ಚುವುದು ಅದನ್ನು. ನನಗೆ ಕೇಳಿದರೆ, 1967ರಲ್ಲಿ ಮನೆತನದವರೇ ಆದ ಲಾಯೀಕ್ ಫತೇಹಲ್ಲಿ ಅವರೊಡನೆ ನ್ಯಾಷನಲ್ ಬುಕ್ ಟ್ರಸ್ಟಿಗೆ ಬರೆದ ಸಾಮಾನ್ಯ ಹಕ್ಕಿಗಳ ಚಿಕ್ಕ ಪುಸ್ತಕವೇ ಮನೆಯಲ್ಲಿರಬೇಕಾದದ್ದು.

ಸ್ವಾತಂತ್ರ್ಯದ ನಂತರ ಇಂಗ್ಲಿಷರು ಹೋದ ಮೇಲೆ ಹಣವಿಲ್ಲದೆ ಸೊರಗುತ್ತಿದ್ದ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ನೆಹರೂ ಅವರಿಗೆ ಬರೆದು ನೆರವು ತಂದು ಉಳಿಸಿದರು. ಭರತಪುರದ ಕೆರೆ, ಕೇರಳದ ಸೈಲೆಂಟ್ ವ್ಯಾಲಿ ಉಳಿಯುವುದಕ್ಕೂ ದನಿಗೂಡಿಸಿದರು. 1958ರಲ್ಲಿ ಪದ್ಮಭೂಷಣ, 1976ರಲ್ಲಿ ಪದ್ಮವಿಭೂಷಣ, 1985ರಲ್ಲಿ ರಾಜ್ಯಸಭೆಗೆ ನಾಮಕರಣ. ದೊಡ್ಡ ಬಹುಮಾನದ ಹಣವನ್ನು ಸೊಸೈಟಿಗೇ ಕೊಟ್ಟರು. ಮುನಿಸೂ ಇತ್ತು, ಶಿಸ್ತೂ ಇತ್ತು. ಶಿಬಿರದಲ್ಲಿ ಗೊರಕೆ ಹೊಡೆಯುವವರನ್ನು ಕಂಡರೆ ಆಗುತ್ತಿರಲಿಲ್ಲವಂತೆ. ಮೋಟರ್ ಸೈಕಲಿನ ಹುಚ್ಚು ಬೇರೆ: 1950ರಲ್ಲಿ ಸ್ವೀಡನ್ನಿನ ಉಪ್ಸಲದಲ್ಲಿ ನಡೆದ ಪಕ್ಷಿತಜ್ಞರ ಸಮ್ಮೇಳನಕ್ಕೆ ತಮ್ಮ ಸನ್‌ಬೀಮ್ ಬೈಕನ್ನು ಹಡಗಿನಲ್ಲಿ ಸಾಗಿಸಿ, ಯುರೋಪಿನ ರಸ್ತೆಗಳಲ್ಲಿ ಓಡಿಸಿಕೊಂಡು ಹೋದರು. ಆಗ ವಯಸ್ಸು ಐವತ್ತಮೂರು. 1987ರಲ್ಲಿ, ತೊಂಬತ್ತು ತುಂಬಿದ ಮೇಲೆ, ಮುಂಬಯಿಯಲ್ಲೇ ತೀರಿಕೊಂಡರು.

ಅವರ ಬದುಕಿನಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಪದ್ಮ ಪ್ರಶಸ್ತಿಗಳಲ್ಲ, ಆ ಪರಿಚಯ ಪತ್ರ. ಮಾವ ಪಕ್ಷಿತಜ್ಞರಾಗಿರಲಿಲ್ಲ. ಮಗುವಿನ ಪ್ರಶ್ನೆಗೆ ಉತ್ತರ ಗೊತ್ತಿಲ್ಲದಾಗ ಗೊತ್ತಿಲ್ಲ, ಕೇಳೋಣ ಎಂದರು ಅಷ್ಟೆ. ಹಕ್ಕಿಯ ಹೆಸರು ತಿಳಿಯದ ತಾಯಂದಿರು ಮಕ್ಕಳನ್ನು ಕಾಡಿಗೆ ಕರೆದುಕೊಂಡು ಹೋಗಿ ಏನು ಹೇಳುವುದು ಎಂದು ಹಿಂಜರಿಯುತ್ತಾರೆ. ನಾನೂ ಹಾಗೆಯೇ ಹಿಂಜರಿದವಳು. ಹಳದಿ ಕತ್ತಿನ ಆ ಗುಬ್ಬಿಯ ಹೆಸರು ಖೇತ್‌ವಾಡಿಯ ಆ ತುಂಬಿದ ಮನೆಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

ಇನ್ನು ನಮ್ಮ ಕಾಡಿನ ಮಾತು. ಬೊರಿವಲಿ ಗೇಟಿನಿಂದ ಒಳಗೆ ಹೋದರೆ ಕಾನ್ಹೇರಿ ಗುಹೆಗಳವರೆಗೆ ಟಾರು ರಸ್ತೆಯಿದೆ, ಹಿರಿಯರೂ ನಿಧಾನವಾಗಿ ಸ್ವಲ್ಪ ದೂರ ನಡೆಯಬಹುದು. ಮಡಿವಾಳ ಹಕ್ಕಿ, ಪಿಕಳಾರ, ಕಾಜಾಣ, ಮಿಂಚುಳ್ಳಿ, ಕೆಂಬೂತ ಇವನ್ನು ನೋಡಲು ಪರಿಣತಿ ಬೇಡ, ಬೆಳಿಗ್ಗೆ ಬೇಗ ಏಳಬೇಕು ಅಷ್ಟೆ. ಕಾಡಿನ ಇನ್ನೊಂದು ಅಂಚಿನಲ್ಲಿ, ಗೋರೆಗಾಂವ್ ಫಿಲ್ಮ್ ಸಿಟಿಯ ಪಕ್ಕ, ಮಿಲರ್ಡ್ ಅವರ ಆ ಸೊಸೈಟಿಯದೇ ಶಿಕ್ಷಣ ಕೇಂದ್ರವಿದೆ. ಮಕ್ಕಳನ್ನು ತಿಳಿದವರ ಜೊತೆ ನಡೆಸುತ್ತಾರೆ. ದೂರದ ಉತ್ತರದಿಂದ ಚಳಿಗಾಲ ಕಳೆಯಲು ಬರುವ ಹಕ್ಕಿಗಳು ನವೆಂಬರ್ ಹೊತ್ತಿಗೆ ಬಂದಿರುತ್ತವೆ, ಮಾರ್ಚ್‌ವರೆಗೆ ಇರುತ್ತವೆ. ಒಂದು ನೋಟ್‌ಬುಕ್, ನೀರಿನ ಬಾಟಲಿ, ಡಬ್ಬಿಯಲ್ಲಿ ಅವಲಕ್ಕಿ ಇದ್ದರೆ ಸಾಕು. ಅವಲಕ್ಕಿಯ ಡಬ್ಬಿ ಮಂಗಗಳಿಗೆ ಕಾಣದ ಹಾಗೆ ಇಟ್ಟುಕೊಳ್ಳಿ. ಉದ್ಯಾನಕ್ಕೆ ಸೋಮವಾರ ಮಾತ್ರ ರಜೆ.